ಬಾಲದ ಮೇಲಿನ ನಂಬರು

ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ರಿವರ್ ಟರ್ನ್ ಹಕ್ಕಿಗಳು ಮರಿ ಮಾಡಲು ಬರುವ ಕಾಲವೂ ಯಲಹಂಕದಲ್ಲಿ ಯುದ್ಧವಿಮಾನಗಳು ಹಾರುವ ಕಾಲವೂ ಹೆಚ್ಚುಕಡಿಮೆ ಒಂದೇ. ನಮ್ಮ ತರೀಕೆರೆ, ಕಡೂರು, ಅಜ್ಜಂಪುರದ ಕಡೆ ಕ್ಯಾಮೆರಾ ಹುಚ್ಚು ಹತ್ತಿದವರು ಈ ಎರಡಕ್ಕೂ ಹೋಗುತ್ತಾರೆ. ಅಲುಗಾಡುವ ದೋಣಿಯಲ್ಲಿ ಕೂತು, ಮೀನು ಕಚ್ಚಿ ಏಳುವ ಹಕ್ಕಿಯ ಜೊತೆಜೊತೆಗೆ ಲೆನ್ಸ್ ತಿರುಗಿಸಲು ಕಲಿತ ಕೈಯೇ ಮುಂದೆ ಯಲಹಂಕದಲ್ಲಿ ಸುಖೋಯ್ ವಿಮಾನದ ಬೆನ್ನು ಹತ್ತುತ್ತದೆ. ಈ ನೆಂಟಸ್ತಿಕೆ ಆಕಸ್ಮಿಕವಲ್ಲ. ಕರ್ನಾಟಕದಲ್ಲಿ ವಿಮಾನದ ಫೋಟೋ ತೆಗೆಯುವ ಪರಂಪರೆ ಬೆಳೆದದ್ದೇ ಹಕ್ಕಿಯ ಫೋಟೋದ ಮಡಿಲಲ್ಲಿ. ಅದರ ಗುಣವೂ ದೋಷವೂ ಅಲ್ಲಿಂದಲೇ ಬಂದವು.

ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಶುರುವಾದದ್ದು 1996ರಲ್ಲಿ. 2025ರ ಫೆಬ್ರುವರಿಯಲ್ಲಿ ನಡೆದದ್ದು ಹದಿನೈದನೆಯ ಪ್ರದರ್ಶನ. ಇಷ್ಟು ದೂರ ನಡೆದು ಬಂದ ಒಂದು ಅಭ್ಯಾಸವನ್ನು ನಿಲ್ಲಿಸಿ ನೋಡುವುದಕ್ಕೆ ಇದು ಸಕಾಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ತೆಗೆದ ವಿಮಾನದ ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಇದು ಯಾವ ವಿಮಾನ, ಯಾವ ದಿನ ತೆಗೆದದ್ದು, ಯಾರು ತೆಗೆದದ್ದು ಎಂದು ಕೇಳಿದರೆ ಆ ಚಿತ್ರಗಳು ಬಾಯಿ ಬಿಡುವುದಿಲ್ಲ.

ನಾನು ಮೊದಲ ಸಲ ಹೋದದ್ದು 2001ರಲ್ಲಿ. ಊರಿನ ಸ್ಟುಡಿಯೋದವರು ನಂಬಿ ಕೊಟ್ಟ ಕ್ಯಾಮೆರಾ, 200 ಎಂ.ಎಂ. ಲೆನ್ಸ್, ಮೂವತ್ತಾರರ ಎರಡು ರೀಲು. ಕಡೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಗಿನ ಜಾವ ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು. ಅಲ್ಲಿಗೆ ಒಂದು ತಿಂಗಳ ಹಿಂದೆ, ಜನವರಿ 4ರಂದು, ನಮ್ಮದೇ ಹಗುರ ಯುದ್ಧವಿಮಾನ ಎಚ್‌ಎಎಲ್ ನೆಲೆಯಿಂದ ಮೊದಲ ಸಲ ಮೇಲೆದ್ದಿತ್ತು. ಅದಕ್ಕಿನ್ನೂ ತೇಜಸ್ ಎಂಬ ಹೆಸರು ಬಂದಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಮಾತು. ಎಪ್ಪತ್ತೆರಡು ಫೋಟೋ ಎಂದರೆ ಎಷ್ಟು ಕಡಿಮೆ ಎಂಬುದು ಇವತ್ತಿನ ಹುಡುಗರಿಗೆ ಅರ್ಥವಾಗುವುದು ಕಷ್ಟ. ಪ್ರತಿ ಒತ್ತಿಗೂ ದುಡ್ಡಿನ ಲೆಕ್ಕ. ವಿಮಾನ ಚೌಕಟ್ಟಿಗೆ ಬಂದು ಹೋಗುವ ಎರಡು ಕ್ಷಣದಲ್ಲಿ ಒತ್ತಲೋ ಬೇಡವೋ ಎಂದು ತೀರ್ಮಾನಿಸಬೇಕು. 100 ಐಎಸ್‌ಒ ಫಿಲಂ, ಒಳ್ಳೆಯ ಬಿಸಿಲು, ಎಫ್ 5.6ಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ: ಇದು ಆಗ ಎಲ್ಲರಿಗೂ ಬಾಯಿಪಾಠ. ರೀಲು ತೊಳೆಸಿ ಪ್ರಿಂಟ್ ಕೈಗೆ ಬರುವವರೆಗೆ ಏನು ಸಿಕ್ಕಿದೆ ಎಂದು ಗೊತ್ತಿಲ್ಲ.

ಆ ಪ್ರಿಂಟುಗಳಲ್ಲಿ ಹದಿನೆಂಟು ನನ್ನ ಹತ್ತಿರ ಉಳಿದಿವೆ. ಒಂದರ ಹಿಂದೆಯೂ ನಾನು ಆಗ ಏನೂ ಬರೆದಿರಲಿಲ್ಲ. ಒಂದರಲ್ಲಿ ಬಹಳ ಚೆಂದದ ಭಂಗಿ, ಹೊಟ್ಟೆಯ ಮೇಲೆ ಬಿಸಿಲು ಬಿದ್ದಿದೆ, ಆದರೆ ಬಾಲದ ತುದಿ ಚೌಕಟ್ಟಿನಿಂದಾಚೆ ಹೋಗಿದೆ. ಇದು ಯಾವ ವಿಮಾನವೆಂದು ಹೇಳುವ ನಂಬರೂ ಅದರ ಜೊತೆಗೇ ಹೋಗಿದೆ. ಆಮೇಲೆ ಎಷ್ಟೋ ಮನೆಗಳ ಆಲ್ಬಂಗಳಲ್ಲಿ, ಎಷ್ಟೋ ಸ್ಪರ್ಧೆಗಳ ಗೋಡೆಗಳ ಮೇಲೆ ಇದೇ ಕೊರತೆಯನ್ನು ನೋಡಿದೆ. ಇದು ಒಬ್ಬಿಬ್ಬರ ಮರೆವಲ್ಲ, ಕಲಿತ ಪಾಠದಲ್ಲೇ ಇದ್ದ ಕೊರತೆ ಎಂದು ನನಗೆ ಹೊಳೆದದ್ದು ಆಗ.

ಯುರೋಪಿನ ದಾರಿ ಬೇರೆಯಾಗಿತ್ತು. ಅಲ್ಲಿ ಫಾರ್ನ್‌ಬರೋ ಪ್ರದರ್ಶನ 1948ರಿಂದ ನಡೆಯುತ್ತಿದೆ. ಗ್ರೀನ್‌ಹ್ಯಾಂ ಕಾಮನ್‌ನಲ್ಲಿ 1970ರ ದಶಕದಲ್ಲಿ ಬೆಳೆದ ಏರ್ ಟ್ಯಾಟೂ ಎಂಬ ಇನ್ನೊಂದು ಪ್ರದರ್ಶನ 1985ರಲ್ಲಿ ಫೇರ್‌ಫರ್ಡ್‌ಗೆ ಹೋಯಿತು. ಈ ಜಾಗಗಳಲ್ಲಿ ಬೆಳೆದ ಹವ್ಯಾಸಿಗಳಿಗೆ ಚಿತ್ರಕ್ಕಿಂತ ನಂಬರು ಮುಖ್ಯ. ನಿಂತ ವಿಮಾನ, ಪಕ್ಕದ ನೋಟ, ಬೆನ್ನಿಗೆ ಸೂರ್ಯ, ಮೂಗಿನಿಂದ ಬಾಲದವರೆಗೆ ಎಲ್ಲವೂ ಸ್ಪಷ್ಟ. ಸಾವಿರಾರು ಸ್ಲೈಡುಗಳು ಇದೇ ಒಂದು ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಕೊಡಾಕ್ರೋಮ್ 64 ಸ್ಲೈಡಿನ ರಟ್ಟಿನ ಅಂಚಿನ ಮೇಲೆ ವಿಮಾನದ ನಂಬರು, ಯಾವ ದಳದ್ದು, ಯಾವ ನೆಲೆ, ಯಾವ ದಿನ ಎಂದು ಸಣ್ಣ ಅಕ್ಷರದಲ್ಲಿ ಬರೆದು, ಒಂದು ದೇಶದವರು ಇನ್ನೊಂದು ದೇಶದವರಿಗೆ ಅಂಚೆಯಲ್ಲಿ ಕಳಿಸಿ ಬದಲು ಮಾಡಿಕೊಳ್ಳುತ್ತಿದ್ದರು. ಆ ಚಿತ್ರಗಳಲ್ಲಿ ಕಲೆ ಕಡಿಮೆ. ಸಲೋನ್ ಎಂಬ ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರು ಅವನ್ನು ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಇಡುತ್ತಾರೆ. ಆದರೆ ಶೀತಲ ಸಮರದ ಕಾಲದ ಒಂದೊಂದು ವಿಮಾನ ಎಲ್ಲಿತ್ತು, ಯಾವ ಬಣ್ಣದಲ್ಲಿತ್ತು, ಯಾವಾಗ ಮರೆಯಾಯಿತು ಎಂದು ಹುಡುಕುವವರಿಗೆ ಇವತ್ತು ಆ ಮಂಕು ಸ್ಲೈಡುಗಳೇ ದಾರಿ ತೋರಿಸುತ್ತವೆ.

ಅವರ ಚಿತ್ರಗಳ ರೂಪ ಬದಲಾದದ್ದರ ಹಿಂದೆ ಸಾವಿನ ಕಥೆಯೂ ಇದೆ. 1952ರಲ್ಲಿ ಫಾರ್ನ್‌ಬರೋದಲ್ಲಿ ಡಿ.ಎಚ್.110 ವಿಮಾನ ಆಕಾಶದಲ್ಲೇ ಒಡೆದು ಅದರಲ್ಲಿದ್ದ ಇಬ್ಬರೂ ನೋಡುಗರಲ್ಲಿ 29 ಮಂದಿಯೂ ಸತ್ತರು. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ವಿಮಾನಗಳು ಡಿಕ್ಕಿ ಹೊಡೆದು ಜನರ ಮೇಲೆ ಬಿದ್ದಾಗ ಸತ್ತವರು 70. ಜನರ ತಲೆಯ ಮೇಲೆ, ಜನರತ್ತ ಮುಖ ಮಾಡಿ ಹಾರುವುದಕ್ಕೆ ಕಟ್ಟುಪಾಡು ಬಿಗಿಯಾಯಿತು, ವಿಮಾನ ದೂರ ಸರಿಯಿತು. ವಿಮಾನ ದೂರವಾದ ಹಾಗೆ ಲೆನ್ಸ್ ಉದ್ದವಾಯಿತು. ಲೆನ್ಸ್ ಉದ್ದವಾದ ಹಾಗೆ ಚಿತ್ರದಿಂದ ನೆಲ, ಜನ, ಡೇರೆ ಎಲ್ಲ ಕಳಚಿ ಆಕಾಶ ಮಾತ್ರ ಉಳಿಯಿತು. ಯಲಹಂಕದ ಪ್ರದರ್ಶನ ಹುಟ್ಟುವ ಹೊತ್ತಿಗೆ ಈ ದೂರ ಖಾಯಂ ಆಗಿತ್ತು. ನಮ್ಮವರಿಗೆ ಮೊದಲ ದಿನದಿಂದಲೂ ಸಿಕ್ಕಿದ್ದು ಬರೀ ಆಕಾಶ.

ಆ ಬರೀ ಆಕಾಶ ನಮ್ಮವರಿಗೆ ಹೊಸದಾಗಿರಲಿಲ್ಲ. ಬೆಂಗಳೂರು ಆ ಹೊತ್ತಿಗಾಗಲೇ ಭಾರತದ ಹಕ್ಕಿ ಛಾಯಾಗ್ರಹಣದ ರಾಜಧಾನಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಒಂದು ತಲೆಮಾರನ್ನೇ ತಿದ್ದಿದ್ದರು. ಸಿ. ರಾಜಗೋಪಾಲ್ ಬೆಳಕು-ಮಂಜಿನ ಚಿತ್ರಗಳಲ್ಲಿ ಗುರುಸ್ಥಾನದಲ್ಲಿದ್ದರು. ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ವರ್ಷ ವರ್ಷವೂ ಸಲೋನ್ ನಡೆಸುತ್ತಿದ್ದವು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದರು. ಈ ಪರಂಪರೆ ಕೊಟ್ಟ ಸಂಸ್ಕಾರ ದೊಡ್ಡದು. ಕಾಯುವ ತಾಳ್ಮೆ, ಕಣ್ಣಿನ ಮೇಲೆ ಫೋಕಸ್, ಹಿನ್ನೆಲೆಯಲ್ಲಿ ಗಲೀಜು ಇರಬಾರದೆಂಬ ಎಚ್ಚರ, ರೆಕ್ಕೆ ಬಿಚ್ಚಿದ ಸರಿಯಾದ ಕ್ಷಣ. ಹಕ್ಕಿಯ ಕಣ್ಣಿನ ಜಾಗಕ್ಕೆ ಕಾಕ್‌ಪಿಟ್ ಬಂತು, ಅಷ್ಟೇ.

ಈ ಶಿಸ್ತು ಕೊಟ್ಟ ಒಳ್ಳೆಯ ಫಲಕ್ಕೆ ಒಂದೇ ಉದಾಹರಣೆ ಸಾಕು. ವಾಯುಪಡೆಯ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರುಗಳು ಹಾರುವಾಗ ಹೊಸಬರು ಸಾವಿರದಲ್ಲೊಂದು ಸೆಕೆಂಡಿಗೆ ಒತ್ತುತ್ತಾರೆ. ಸುತ್ತುವ ಪಟ್ಟಿಗಳು ನಿಂತುಬಿಡುತ್ತವೆ, ಆಟಿಕೆಯನ್ನು ದಾರ ಕಟ್ಟಿ ನೇತುಹಾಕಿದ ಹಾಗೆ ಕಾಣುತ್ತದೆ. ಹಕ್ಕಿ ಪಳಗಿದ ಕೈ 1/125ಕ್ಕೆ ಇಳಿದು, ಉಸಿರು ಹಿಡಿದು, ಹೆಲಿಕಾಪ್ಟರಿನ ಜೊತೆಗೇ ಸೊಂಟ ತಿರುಗಿಸುತ್ತದೆ. ಮೈ ಚೂಪಾಗಿ, ಪಟ್ಟಿಗಳು ಮಬ್ಬು ಚಕ್ರವಾಗಿ ಬರುತ್ತವೆ. ನವಿಲಿನ ಬಣ್ಣ ಹೊತ್ತ ಆ ಹೆಲಿಕಾಪ್ಟರಿಗೆ ಜೀವ ಬರುತ್ತದೆ. ಈ ಕೆಲಸದಲ್ಲಿ ನಮ್ಮವರು ಯಾವ ದೇಶದವರಿಗೂ ಕಡಿಮೆಯಿಲ್ಲ. ಸೂರ್ಯಕಿರಣ್ ತಂಡದ ಒಂಬತ್ತು ವಿಮಾನಗಳನ್ನು ಒಂದೇ ಬೆಳಕಿನಲ್ಲಿ ಕೂರಿಸಿದ ಚಿತ್ರಗಳೂ ಹಾಗೆಯೇ.

ಆದರೆ ಅದೇ ಸಂಸ್ಕಾರ ಕೆಲವು ಬಾಗಿಲುಗಳನ್ನು ಮುಚ್ಚಿತು. ಪ್ರಕೃತಿ ವಿಭಾಗದ ಸಲೋನ್ ಚಿತ್ರದಲ್ಲಿ ಮನುಷ್ಯನ ಕೈ ಕಾಣಬಾರದೆಂಬ ನಿಯಮವಿದೆ. ಹಕ್ಕಿಗೆ ಅದು ಸರಿ. ವಿಮಾನವೆಂದರೆ ಆದಿಯಿಂದ ಅಂತ್ಯದವರೆಗೂ ಮನುಷ್ಯನ ಕೈಯೇ. ಚಕ್ರದ ಅಡಿಗೆ ತಡೆ ಇಡುವವರು, ಏಣಿ ಹಿಡಿಯುವವರು, ಬಿಸಿಲಲ್ಲಿ ರೆಕ್ಕೆ ಒರೆಸುವ ವಾಯುಪಡೆಯ ಹುಡುಗರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ ಅಪ್ಪಂದಿರು, ಹುಣಸಮಾರನಹಳ್ಳಿಯ ತಾರಸಿಗಳ ಮೇಲೆ ಒಟ್ಟಾದ ಮನೆಮಂದಿ. ಇವರೆಲ್ಲ ಚೌಕಟ್ಟಿನಿಂದ ಹೊರಗುಳಿದರು. ಪ್ರದರ್ಶನದ ದಿನಗಳಲ್ಲಿ ವಿಮಾನಕ್ಕೆ ಹಕ್ಕಿ ಬಡಿಯದಿರಲೆಂದು ವಾಯುನೆಲೆಯ ಸುತ್ತ ಹಲವು ಕಿಲೋಮೀಟರ್‌ವರೆಗೆ ಮಾಂಸದ ಅಂಗಡಿಗಳನ್ನು ಮುಚ್ಚಿಸುತ್ತಾರೆ. 2025ರಲ್ಲಿ ಅದು ಹದಿಮೂರು ಕಿಲೋಮೀಟರ್ ಇತ್ತು. ಹದ್ದು ಮತ್ತು ವಿಮಾನ ಒಂದೇ ಆಕಾಶಕ್ಕೆ ಜಗಳವಾಡುವ ಈ ಊರಿನಲ್ಲಿ, ಹಕ್ಕಿಗಳ ಬಗ್ಗೆ ಇಷ್ಟು ಬಲ್ಲ ಛಾಯಾಗ್ರಾಹಕರಲ್ಲಿ ಯಾರೂ ಬಾಗಿಲು ಹಾಕಿದ ಆ ಅಂಗಡಿಗಳ ಚಿತ್ರ ತೆಗೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

2019ರ ಫೆಬ್ರುವರಿ 19ರಂದು ತಾಲೀಮಿನ ವೇಳೆ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಯಲಹಂಕದ ಮೇಲೆ ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇನ್ನಿಬ್ಬರು ಪ್ಯಾರಾಶೂಟಿನಲ್ಲಿ ಇಳಿದು ಉಳಿದರು. ಆ ಕ್ಷಣವನ್ನು ಜಗತ್ತಿಗೆ ತೋರಿಸಿದ್ದು ಮೊಬೈಲ್ ಹಿಡಿದ ಸಾಮಾನ್ಯ ಜನ. ದುರಂತದ ಚಿತ್ರ ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕಿಂತ ಮುಂಚಿನ ವರ್ಷಗಳಲ್ಲಿ ಆ ತಂಡದ ನೂರಾರು ಚಿತ್ರಗಳು ಬಹುಮಾನ ಗೆದ್ದಿದ್ದವಲ್ಲ, ಅವುಗಳಲ್ಲಿ ಪೈಲಟ್‌ನ ಮುಖವಿರುವುದು ಎಷ್ಟು? ‘ಗಗನ ನೃತ್ಯ’, ‘ಬಾನಿನ ರಂಗೋಲಿ’ ಎಂಬ ಶೀರ್ಷಿಕೆಗಳ ಕೆಳಗೆ ಆ ವಿಮಾನದಲ್ಲಿ ಕೂತವರ ಹೆಸರಿಗೆ ಜಾಗವೇ ಇರಲಿಲ್ಲ. ನನಗೆ ಇದು ಕಲೆಯ ಕೊರತೆಯಾಗಿ ಕಾಣುವುದಿಲ್ಲ, ಗೌರವದ ಕೊರತೆಯಾಗಿ ಕಾಣುತ್ತದೆ.

ನಂಬರು ಬರೆದುಕೊಳ್ಳಲು ನಮ್ಮವರು ಹಿಂಜರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ವಾಯುನೆಲೆಯ ಬೇಲಿಯ ಹತ್ತಿರ ಕ್ಯಾಮೆರಾ ಎತ್ತಿದರೆ ನಮ್ಮಲ್ಲಿ ಕೇಸಾಗುತ್ತದೆ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಯುರೋಪಿನಲ್ಲೂ ಈ ಭಯ ಇಲ್ಲದಿಲ್ಲ. 2001ರ ನವೆಂಬರ್‌ನಲ್ಲಿ ಗ್ರೀಸಿನ ಕಲಮಾತಾ ನೆಲೆಯ ಪ್ರದರ್ಶನಕ್ಕೆ ಹೋದ ಬ್ರಿಟನ್ನಿನ ಹವ್ಯಾಸಿಗಳನ್ನು ಗೂಢಚಾರರೆಂದು ಹಿಡಿದರು. ವಿಮಾನದ ನಂಬರು ಬರೆದುಕೊಂಡ ಪುಸ್ತಕಗಳೇ ಅವರಿಗೆ ಮುಳುವಾದವು. ಮಾರನೆಯ ವರ್ಷ ಮೊದಲು ಶಿಕ್ಷೆಯಾಗಿ, ಆಮೇಲೆ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಭಯ ನಿಜ. ಆದರೆ ಟಿಕೆಟ್ ಕೊಟ್ಟು ಒಳಗೆ ಬಿಟ್ಟ ಪ್ರದರ್ಶನದಲ್ಲಿ, ಜನರು ನೋಡಲೆಂದೇ ನಿಲ್ಲಿಸಿದ ವಿಮಾನದ ಮೈಮೇಲೆ ದೊಡ್ಡದಾಗಿ ಬರೆದ ನಂಬರು ಗುಟ್ಟಲ್ಲ. ತೇಜಸ್‌ನ ಮೊಟ್ಟಮೊದಲ ವಿಮಾನದ ಮೇಲೆ ಕೆಎಚ್ 2001 ಎಂದು ಬರೆದಿತ್ತು. ಆ ಅಕ್ಷರಗಳು ಚೌಕಟ್ಟಿನೊಳಗೆ ಉಳಿದಿದ್ದರೆ ಆ ಚಿತ್ರ ಚರಿತ್ರೆಯ ದಾಖಲೆ. ಉಳಿಯದಿದ್ದರೆ ಅದು ಯಾವುದೋ ಒಂದು ತೇಜಸ್.

ಅದಕ್ಕೂ ಹಿಂದಿನ ಯುದ್ಧವಿಮಾನ ಮಾರುತ್‌ನ ಗತಿ ನೋಡಿ. ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಕೂತು ರೂಪಿಸಿದ ಈ ವಿಮಾನ 1961ರ ಜೂನ್ 17ರಂದು ಮೊದಲ ಸಲ ಹಾರಿತು, ಹಾರಿಸಿದವರು ಸುರಂಜನ್ ದಾಸ್. ಯಲಹಂಕದ ಪ್ರದರ್ಶನ ಶುರುವಾಗುವಷ್ಟರಲ್ಲಿ ಅದು ಸೇವೆಯಿಂದಲೇ ಹೋಗಿತ್ತು. ಬೆಂಗಳೂರಿನ ಆಕಾಶದಲ್ಲಿ ಹುಟ್ಟಿದ ವಿಮಾನವನ್ನು ಬೆಂಗಳೂರಿನ ಹವ್ಯಾಸಿಗಳು ಮನಸಾರೆ ಫೋಟೋ ತೆಗೆಯಲಾಗಲಿಲ್ಲ. ಈಗಲೂ ಅಂಥದ್ದೊಂದು ನಡೆಯುತ್ತಿದೆ. ಅಜ್ಜಂಪುರದ ಅಮೃತ್ ಮಹಲ್ ಕಾವಲು ನಮಗೆ ಗೊತ್ತು. ಅದೇ ಅಮೃತ್ ಮಹಲ್ ದನಗಳ ಚಳ್ಳಕೆರೆಯ ಕಾವಲಿನಲ್ಲಿ ಡಿಆರ್‌ಡಿಒದ ಪರೀಕ್ಷಾ ನೆಲೆ ಎದ್ದಿದೆ. ಪೈಲಟ್ ಇಲ್ಲದ ರುಸ್ತುಂ-2 ಅಲ್ಲಿ 2016ರ ನವೆಂಬರ್‌ನಲ್ಲಿ ಹಾರಿತು. ಅಲ್ಲಿಂದ ನಮಗೆ ಸಿಗುವುದು ಸರ್ಕಾರ ಕೊಟ್ಟ ಚಿತ್ರ ಮಾತ್ರ. ಹೀಗಿರುವಾಗ ಎರಡು ವರ್ಷಕ್ಕೊಮ್ಮೆ ಯಲಹಂಕದ ಬಾಗಿಲು ತೆರೆಯುವ ಕೆಲವೇ ದಿನಗಳ ಬೆಲೆ ಎಷ್ಟು ಎಂದು ಯೋಚಿಸಬೇಕು.

ಡಿಜಿಟಲ್ ಬಂದ ಮೇಲಿನ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರಲ್ಲಿ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಒಂದೇ ನೆಲೆಗೆ ಬಂದಾಗ ತೆಗೆದ ಲೆಕ್ಕವಿಲ್ಲದಷ್ಟು ಚಿತ್ರಗಳು ಒಂದನ್ನೊಂದು ಹೋಲುತ್ತವೆ. ಒಂದು ಅನುಕೂಲವಂತೂ ಆಗಿದೆ, ದಿನ ಮತ್ತು ವೇಳೆಯನ್ನು ಕ್ಯಾಮೆರಾ ತಾನೇ ದಾಖಲಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೊಡನೆ ಆ ಮಾಹಿತಿ ಕಳಚಿ ಬೀಳುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಹೆಸರು, ಇಸವಿ ಬರೆದಿಡುವುದು ನಮಗೆ ಹೊರಗಿನವರು ಕಲಿಸಬೇಕಾದ ವಿದ್ಯೆಯಲ್ಲ. ತರೀಕೆರೆಯಿಂದ ಕೂಗಳತೆಯಲ್ಲಿ ಅಮೃತಾಪುರವಿದೆ. ಅಲ್ಲಿನ ಅಮೃತೇಶ್ವರ ದೇವಸ್ಥಾನ 1196ರದು ಎಂದು ಇವತ್ತು ನಾವು ನಿಸ್ಸಂಶಯವಾಗಿ ಹೇಳುತ್ತೇವೆ. ಕಟ್ಟಿಸಿದವರು ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ, ಶಾಸನದಲ್ಲಿ ಪದ್ಯ ಬರೆದವರು ಜನ್ನ, ಅಲ್ಲಿ ಉಳಿ ಹಿಡಿದವರಲ್ಲಿ ಒಬ್ಬರು ಮಲ್ಲಿತಮ್ಮ. ಎಂಟುನೂರು ವರ್ಷದ ಮೇಲೂ ಇದೆಲ್ಲ ಗೊತ್ತಿರುವುದು ಕಲ್ಲಿನ ಮೇಲೆ ಬರೆದಿಟ್ಟರೆಂಬ ಕಾರಣಕ್ಕೆ. ಆ ಶಿಲ್ಪಗಳ ಚೆಲುವು ಬರಹದಿಂದ ಒಂದು ಕೂದಲೆಳೆಯಷ್ಟೂ ಕುಂದಿಲ್ಲ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ, ಹಳೆಯ ಸ್ಟುಡಿಯೋಗಳ ಡಬ್ಬಗಳಲ್ಲಿ 1996, 1998, 2001, 2003ರ ಯಲಹಂಕದ ಪ್ರಿಂಟುಗಳೂ ನೆಗೆಟಿವ್‌ಗಳೂ ಇದ್ದರೆ ದಯವಿಟ್ಟು ಎಸೆಯಬೇಡಿ. ತೆಗೆದವರು ಬದುಕಿರುವಾಗಲೇ ಅವರ ಪಕ್ಕದಲ್ಲಿ ಕೂತು ಕೇಳಿ. ಮೆತ್ತನೆಯ ಪೆನ್ಸಿಲ್ ತೆಗೆದುಕೊಂಡು, ಒತ್ತದೆ, ಪ್ರಿಂಟಿನ ಹಿಂದೆ ದಿನ, ಜಾಗ, ಬಾಲದ ಮೇಲಿನ ನಂಬರು, ತೆಗೆದವರ ಹೆಸರು ಬರೆಯಿರಿ. ನನ್ನ ಹದಿನೆಂಟರಲ್ಲಿ ಹನ್ನೊಂದಕ್ಕೆ ಬರೆದು ಮುಗಿಸಿದ್ದೇನೆ.