ಡಗ್ಗಾ ಎಲ್ಲಿ ಹೋಯಿತು?

ಪುಣೆಯ ಫ್ಲ್ಯಾಟುಗಳಿಗೆ ಹೋಮ್ ಥಿಯೇಟರ್ ಬರುವುದು ಸಿನಿಮಾಕ್ಕೆಂದು. ಆದರೆ ಅದರ ಹುಳುಕು ಬಯಲಾಗುವುದು ಅದರಲ್ಲಿ ಹಿಂದುಸ್ತಾನಿ ಗಾಯಕ ಭೀಮಸೇನ ಜೋಶಿಯವರನ್ನು ಹಾಕಿದಾಗ. ಸಿನಿಮಾದ ಸ್ಫೋಟ ಎಷ್ಟು ಜೋರಾಗಿರಬೇಕು ಎಂದು ನಮಗೆ ಯಾರಿಗೂ ಗೊತ್ತಿಲ್ಲ, ಜೋರಾಗಿದ್ದರೆ ಸಾಕು. ತಬಲಾದ ಎಡಗೈಯ ಡಗ್ಗಾ ಎಷ್ಟು ತುಂಬಿರಬೇಕು, ತಂಬೂರಿ ಎಷ್ಟು ಹಿಂದಿರಬೇಕು ಎಂಬುದು ಮಾತ್ರ ಸವಾಯಿ ಗಂಧರ್ವ ಸಂಗೀತೋತ್ಸವದ ಮಂಟಪದಲ್ಲಿ ಕೂತು ಪಳಗಿದ ಕಿವಿಗೆ ಚೆನ್ನಾಗಿ ಗೊತ್ತು. ಮನೆಯ ಸೋಫಾದ ಒಂದು ತುದಿಯಲ್ಲಿ ಡಗ್ಗಾ ಗುಂಯ್ ಎನ್ನುತ್ತದೆ, ನಡುವೆ ಕೂತರೆ ಮಾಯ. ದನಿ ಎಡಕ್ಕೆ ವಾಲುತ್ತದೆ. ಇಂಥ ಏರುಪೇರನ್ನು ಸರಿಪಡಿಸಲು ನಾವು ಹಿಡಿದಿರುವ ದಾರಿ ತಲೆಕೆಳಗಾಗಿದೆ ಎಂಬುದು ನನ್ನ ದೂರು. ಮೊದಲು ರಿಸೀವರಿನ ಮೆನು ತಡಕುತ್ತೇವೆ. ಆಮೇಲೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋಗಿ ದಪ್ಪ ವೈರು ತರುತ್ತೇವೆ. ಅದೂ ಆಗದಿದ್ದರೆ ಹೊಸ ಸಬ್‌ವೂಫರ್. ಕೋಣೆಯನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ.

ಖರ್ಚಿಲ್ಲದ ಪರೀಕ್ಷೆಗಳು ಮೊದಲು ಆಗಬೇಕು. ಒಂದು ಬದಿ ಕ್ಷೀಣವೆನಿಸಿದರೆ ಸ್ಪೀಕರುಗಳಿಗೆ ಬೆನ್ನು ಮಾಡಿ ನಿಲ್ಲಿ. ಕ್ಷೀಣತೆ ಅದೇ ಕಿವಿಯಲ್ಲಿ ಉಳಿದರೆ ದೋಷ ಯಂತ್ರದ್ದಲ್ಲ, ಕಿವಿಯ ವೈದ್ಯರನ್ನು ಕಾಣಬೇಕು. ಅದು ಇನ್ನೊಂದು ಕಿವಿಗೆ ದಾಟಿದರೆ ರಿಸೀವರ್ ಆರಿಸಿ, ಅದರ ಹಿಂಬದಿಯಲ್ಲಿ ಎಡ ಬಲದ ವೈರುಗಳನ್ನು ಅದಲುಬದಲು ಮಾಡಿ. ದೋಷ ಆಚೆ ಬದಿಯ ಸ್ಪೀಕರಿಗೆ ಹೋಯಿತೇ? ಹಾಗಾದರೆ ಅದು ರಿಸೀವರಿನಲ್ಲೋ ಅದರ ಹಿಂದಿನ ಟಿವಿ, ಪ್ಲೇಯರಿನಲ್ಲೋ ಇದೆ. ಅಲ್ಲೇ ಉಳಿಯಿತೇ? ಈಗ ಸ್ಪೀಕರ್ ಪೆಟ್ಟಿಗೆಗಳ ಜಾಗ ಬದಲಿಸಿ. ದೋಷ ಪೆಟ್ಟಿಗೆಯ ಜೊತೆ ಹೋದರೆ ಪೆಟ್ಟಿಗೆ ಕೆಟ್ಟಿದೆ. ಹೋಗದಿದ್ದರೆ ವೈರು ಅಥವಾ ಕೋಣೆಯ ಆ ಮೂಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಮ್ಮವರು ಎಡವುವುದು ಇಲ್ಲೇ, ನಾಲ್ಕನ್ನು ಒಟ್ಟಿಗೆ ಬದಲಿಸಿ ಯಾವುದರಿಂದ ಸರಿಹೋಯಿತು ಎಂದೇ ತಿಳಿಯದಂತೆ ಮಾಡಿಕೊಳ್ಳುತ್ತಾರೆ.

ಪ್ಲಸ್ ಮೈನಸ್ ತಿರುವುಮುರುವಾಗುವ ದೋಷ ಇದಕ್ಕಿಂತ ಮೋಸದ್ದು. ಒಂದೇ ಸ್ಪೀಕರಿನಲ್ಲಿ ಹೀಗಾದರೆ, ಒಂದೊಂದನ್ನೇ ಕೇಳಿದಾಗ ಎರಡೂ ಸರಿಯಾಗಿಯೇ ಇರುತ್ತವೆ. ಜೊತೆಯಾಗಿ ನುಡಿದಾಗ ಕೆಳದನಿ ಪರಸ್ಪರ ಕಳೆದುಹೋಗುತ್ತದೆ, ಗಾಯಕ ಎಲ್ಲಿ ಕೂತಿದ್ದಾನೆ ಎಂಬುದು ತಿಳಿಯುವುದಿಲ್ಲ. ಇದನ್ನು ಹಿಡಿಯಲು ಹಳೆಯ ಮೋನೊ ಧ್ವನಿಮುದ್ರಿಕೆಗಿಂತ ಒಳ್ಳೆಯ ಸಾಧನವಿಲ್ಲ, ಅಂಥದೊಂದು ಪುಣೆಯವರಿಗೆ ಗೊತ್ತಿರುವುದೇ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಶಿಷ್ಯ ಭೀಮಸೇನರ ಮುಂದಾಳುತನದಲ್ಲಿ ಮರುವರ್ಷವೇ ಗುರುವಿನ ಹೆಸರಿನ ಉತ್ಸವ ಆರಂಭವಾಯಿತು. ಉತ್ಸವದ ಕೊನೆಗೆ ಗುರುವಿನ ಭೈರವಿಯ ಹಳೆಯ ಮುದ್ರಿಕೆಯೊಂದನ್ನು ಕೇಳಿಸುವ ಪರಿಪಾಠವಿದೆ. ಕೆಲವೇ ನಿಮಿಷಗಳ ಆ ತಟ್ಟೆಯಲ್ಲಿರುವುದು ಒಂದೇ ವಾಹಿನಿ. ಅಂಥದ್ದನ್ನು ಮನೆಯಲ್ಲಿ ಎರಡು ಸ್ಪೀಕರುಗಳಿಂದ ನುಡಿಸಿದರೆ ದನಿ ಎರಡರ ನಟ್ಟನಡುವೆ, ಅಂಗೈಯಗಲದ ಜಾಗದಲ್ಲಿ ನಿಲ್ಲಬೇಕು. ಅದು ಕೋಣೆಯ ತುಂಬ ಹರಡಿಕೊಂಡರೆ ವೈರಿನ ತುದಿ ಪರೀಕ್ಷಿಸಿ, ಬದಿಗೆ ಸರಿದರೆ ಒಂದು ಸ್ಪೀಕರ್ ಹತ್ತಿರವಿದೆ ಅಥವಾ ಜೋರಾಗಿದೆ. ಸಂಗೀತಪ್ರೇಮಿಗಳ ಮನೆಯಲ್ಲಿ ಈ ಪರೀಕ್ಷಾ ಸಾಮಗ್ರಿ ಮೊದಲೇ ಇದೆ. ಅದನ್ನು ಬಿಟ್ಟು ಅಂಗಡಿಯವರು ಕೊಟ್ಟ ಸ್ಫೋಟದ ತುಣುಕಿನಿಂದ ಯಂತ್ರವನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ಕೋಣೆ. ಹದಿನಾರು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಒಂದು ಹಾಲ್ ಎಂದುಕೊಳ್ಳೋಣ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರು ಗೋಡೆಗಳ ನಡುವೆ ಅದು ಪುಟಿದು ಬಂದು ತನ್ನನ್ನು ತಾನೇ ಕೂಡಿಕೊಳ್ಳುತ್ತದೆ, ಕಳೆದುಕೊಳ್ಳುತ್ತದೆ. ಈ ಲೆಕ್ಕದಲ್ಲಿ ಉದ್ದದ ಗೋಡೆಗಳು 35 ಮತ್ತು 70 ಹರ್ಟ್ಸ್ ಬಳಿ, ಅಗಲದವು 56ರ ಬಳಿ, ನೆಲ ಮತ್ತು ಚಾವಣಿ 59ರ ಬಳಿ ಅನುರಣಿಸುತ್ತವೆ. ಕೊನೆಯೆರಡು ಅಕ್ಕಪಕ್ಕದಲ್ಲೇ ಬಿದ್ದು ಒಂದನ್ನೊಂದು ಹೆಚ್ಚಿಸುತ್ತವೆ. ಅಗಲದ ಅನುರಣನೆಗೆ ಗೋಡೆಯ ಬಳಿ ಬಲ, ನಟ್ಟನಡುವೆ ಶೂನ್ಯ. ಆದ್ದರಿಂದ ಟಿವಿಗೆ ನೇರ ಎದುರು, ಮನೆಯ ಹಿರಿಯರಿಗೆಂದು ಮೀಸಲಿಟ್ಟ ಜಾಗದಲ್ಲೇ ಆ ಸ್ವರ ಕಾಣೆಯಾಗುತ್ತದೆ. 70 ಹರ್ಟ್ಸಿನ ಶೂನ್ಯಗಳು ಹಿಂಗೋಡೆಯಿಂದ ನಾಲ್ಕು ಅಡಿಗೆ, ಮುಂಗೋಡೆಯಿಂದ ನಾಲ್ಕು ಅಡಿಗೆ ಬೀಳುತ್ತವೆ. ಸೋಫಾವನ್ನು ಹಿಂಗೋಡೆಗೇ ಒತ್ತಿಟ್ಟರೆ ಉದ್ದದ ಅನುರಣನೆಗಳೆಲ್ಲ ಅಲ್ಲಿ ಬಲವಾಗಿ ಕಿವಿ ಕಟ್ಟುತ್ತದೆ. ಜೊತೆಗೆ ಒಂದು ಬದಿ ಗಟ್ಟಿ ಗೋಡೆ, ಇನ್ನೊಂದು ಬದಿ ಬಾಲ್ಕನಿಯ ಜಾರುಬಾಗಿಲೋ ಡೈನಿಂಗಿಗೆ ತೆರೆದ ಜಾಗವೋ ಇದ್ದರೆ ಎಡ ಬಲ ಎಂದೂ ಸಮ ಬರುವುದಿಲ್ಲ.

ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಅದರ ದನಿ ಒಂದೇ ಸ್ವರದಲ್ಲಿ ನಿಲ್ಲದೆ ಏರುತ್ತದೆ, ಇಳಿಯುತ್ತದೆ. ಆ ಜಾರಿನಲ್ಲಿ ಒಂದು ಬಿಂದು ಮಾತ್ರ ಹಿಗ್ಗಿ ಇನ್ನೊಂದು ಬಿಂದು ಕುಗ್ಗಿದರೆ ಅದು ತಬಲಾ ವಾದಕರ ತಪ್ಪಲ್ಲ, ನಿಮ್ಮ ಹಾಲಿನ ಅಳತೆ. ಇಂಥ ಶೂನ್ಯಕ್ಕೆ ಆಂಪ್ಲಿಫೈಯರಿನ ಶಕ್ತಿ ಸುರಿಯುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಹೆಚ್ಚು ಸುರಿದಷ್ಟೂ ಪುಟಿದು ಬಂದದ್ದೂ ಹೆಚ್ಚಿ ಅಷ್ಟನ್ನೇ ಕಳೆಯುತ್ತದೆ. ಸೋಫಾವನ್ನು ಒಂದೆರಡು ಅಡಿ ಮುಂದೆ ತನ್ನಿ, ಸಬ್‌ವೂಫರನ್ನು ಮೂಲೆಯಿಂದ ಬಿಡಿಸಿ. ಅದಕ್ಕೆ ಜಾಗ ಹುಡುಕುವ ಒಂದು ಉಪಾಯವಿದೆ: ಸಬ್‌ವೂಫರನ್ನೇ ಸೋಫಾದ ಮೇಲಿಟ್ಟು ವಿಳಂಬಿತ ಖ್ಯಾಲ್ ಹಾಕಿ, ನೀವು ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಸಾಗಿ. ಡಗ್ಗಾದ ಜಾರು ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಸೋಫಾ ಸರಿಸಲು ಮನೆಯವರ ಒಪ್ಪಿಗೆ ಸಿಗುವುದು ಕಷ್ಟ, ನಿಜ. ಆದರೂ ಮೂವತ್ತು ಸಾವಿರದ ಹೊಸ ಪೆಟ್ಟಿಗೆಗಿಂತ ಅದು ಸುಲಭ.

ರಿಸೀವರುಗಳ ಸ್ವಯಂಚಾಲಿತ ಅಳತೆಯನ್ನು ನಾನು ಹಳಿಯುವುದಿಲ್ಲ. ಆಡಿಸಿಯಾಗಲಿ, ಯಮಾಹಾದ ವೈಪಿಎಒ ಆಗಲಿ, ಪುಟ್ಟ ಮೈಕಿನಿಂದ ಪ್ರತಿ ಸ್ಪೀಕರಿನ ದೂರ ಅಳೆದು ಹತ್ತಿರದ್ದನ್ನು ತಡಮಾಡಿ ನುಡಿಸುತ್ತವೆ, ಮಟ್ಟವನ್ನು ಸಮಮಾಡುತ್ತವೆ. ಒಂದು ಅಡಿಯ ವ್ಯತ್ಯಾಸವೆಂದರೆ ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತ ತುಸು ಕಡಿಮೆ. ಇಷ್ಟು ಸೂಕ್ಷ್ಮವನ್ನು ಕೈಯಿಂದ ಹೊಂದಿಸುವುದು ತ್ರಾಸದ ಕೆಲಸ. ಆದರೆ ಚಾವಣಿಯ ಫ್ಯಾನ್ ತಿರುಗುತ್ತಿರುವಾಗ, ಕುಕ್ಕರ್ ಕೂಗುತ್ತಿರುವಾಗ, ಮೈಕನ್ನು ಸೋಫಾದ ದಿಂಬಿನ ಮೇಲೆ ಮಲಗಿಸಿ ಮಾಡಿದ ಅಳತೆ ಕೆಲಸಕ್ಕೆ ಬಾರದು. ಮೈಕ್ ಕಿವಿಯ ಎತ್ತರದಲ್ಲಿರಬೇಕು, ಕೂರುವ ಎಲ್ಲ ಜಾಗಗಳಲ್ಲೂ ಇಡಬೇಕು. ಎಷ್ಟೋ ಸಲ ಈ ವ್ಯವಸ್ಥೆ ಮುಂದಿನ ಚಿಕ್ಕ ಸ್ಪೀಕರುಗಳನ್ನೂ ‘ಲಾರ್ಜ್’ ಎಂದು ಗುರುತಿಸಿ, ಹೊರಲಾರದ ಕೆಳದನಿಯನ್ನು ಅವುಗಳ ಮೇಲೆ ಹೇರುತ್ತದೆ. ‘ಸ್ಮಾಲ್’ಗೆ ಬದಲಿಸಿ, 80 ಹರ್ಟ್ಸಿನ ಕೆಳಗಿನದನ್ನು ಸಬ್‌ವೂಫರಿಗೆ ಬಿಡಿ. ಈ ವ್ಯವಸ್ಥೆ ಅಳೆದ ದೂರವನ್ನೂ ಮಟ್ಟವನ್ನೂ ನಂಬುತ್ತೇನೆ. ಸ್ವರ ತಿದ್ದುವ ಅದರ ಕೆಲಸವನ್ನು ಮಾತ್ರ ತಂಬೂರಿ ಕೇಳಿಯೇ ಒಪ್ಪುತ್ತೇನೆ. ಮಿರಜದ ತಂಬೂರಿಯ ಜವಾರಿಯ ಝೇಂಕಾರದಲ್ಲಿ ಮೇಲುಮೇಲಿನ ಸ್ವರಗಳು ಒಂದರ ಹಿಂದೊಂದು ಅರಳುತ್ತವೆ. ತಿದ್ದುಪಡಿ ಹಾಕಿದಾಗ ಆ ಅರಳುವಿಕೆ ಮಂಕಾದರೆ ತಿದ್ದುಪಡಿಯೇ ಬೇಡ.

ನನ್ನ ಕಟು ಆಕ್ಷೇಪ ಇರುವುದು ‘ಆಲ್ ಚಾನೆಲ್ ಸ್ಟೀರಿಯೊ’ ಎಂಬ ಗುಂಡಿಯ ಬಗ್ಗೆ. ಎಲ್ಲ ಸ್ಪೀಕರುಗಳಿಗೂ ಕಾಸು ಕೊಟ್ಟಿದ್ದೇವೆ, ಎಲ್ಲವೂ ಹಾಡಲಿ ಎಂಬ ಆಸೆಗೆ ಅದು ಹುಟ್ಟಿದೆ. ಗಾಯಕರು ಎದುರಿಗೂ ಬೆನ್ನ ಹಿಂದೆಯೂ ಏಕಕಾಲಕ್ಕೆ ಕೂತು ಹಾಡುವುದಿಲ್ಲ. ಹಿಂದಿನ ಸ್ಪೀಕರಿಗೆ ಹತ್ತಿರ ಕೂತವರಿಗೆ ಹಿಂದಿನದೇ ಮೊದಲು, ಜೋರಾಗಿ ಕೇಳುತ್ತದೆ. ಮನೆಮಂದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ತೋಡಿ. ಸಂಗೀತಕ್ಕೆ ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ ಇಡಿ. ಮುಂದಿನ ಎರಡು ಸ್ಪೀಕರುಗಳು ನಡುಗೆರೆಯಿಂದ ಮೂವತ್ತು ಮೂವತ್ತು ಡಿಗ್ರಿ ಕೋನದಲ್ಲಿ, ಕಿವಿಯ ಎತ್ತರದಲ್ಲಿರಲಿ. ಸಿನಿಮಾಕ್ಕೆ ಉಳಿದವೂ ಬೇಕು. ಮಾತು ಕೇಳುವುದಿಲ್ಲ ಎಂಬ ಗೊಣಗಾಟಕ್ಕೆ, ಸೆಂಟರ್ ಸ್ಪೀಕರನ್ನು ಟಿವಿ ಕಪಾಟಿನ ಒಳಗೆ ತುರುಕಿರುವುದೇ ಹಲವು ಸಲ ಕಾರಣ. ಅದನ್ನು ಹಲಗೆಯ ಅಂಚಿಗೆ ಎಳೆದು ಮುಖ ಮೇಲೆತ್ತಿ.

ಪೆಟ್ಟಿಗೆಯೇ ಕೆಟ್ಟಿರುವ ಸಂದರ್ಭಗಳೂ ಇವೆ. ಹಳೆಯ ವೂಫರಿನ ಸುತ್ತಲಿನ ಫೋಮ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಮಳೆಗಾಲಗಳು ಕಳೆದು ತಾಮ್ರದ ಎಳೆ ಹಸಿರುಗಟ್ಟುತ್ತದೆ. ಫೋಮ್ ಬದಲಿಸಿಕೊಡುವ ಕೈಗಳು ಇನ್ನೂ ಇವೆ, ಒಳ್ಳೆಯ ಹಳೆಯ ಸ್ಪೀಕರನ್ನು ಗುಜರಿಗೆ ಹಾಕುವುದು ಅನ್ಯಾಯ.

ಇನ್ನೊಂದು ಬಗೆಯ ಏರಿಳಿತವನ್ನು ತಿದ್ದಲು ಹೋಗಲೇಬಾರದು. ಭೀಮಸೇನರು ಮೈಯೆಲ್ಲ ತೊಡಗಿಸಿ ಹಾಡಿದವರು. ಕಛೇರಿಯ ಧ್ವನಿಮುದ್ರಣಗಳಲ್ಲಿ ಮುಖ ಮೈಕಿನಿಂದ ಆಚೆ ತಿರುಗಿದಾಗ ದನಿ ಸರಿಯುತ್ತದೆ, ಮಂದ್ರದಲ್ಲಿ ಪಿಸುಗುಟ್ಟಿದ್ದು ತಾರದಲ್ಲಿ ಗುಡುಗುತ್ತದೆ. ‘ನೈಟ್ ಮೋಡ್’, ‘ಡೈನಾಮಿಕ್ ವಾಲ್ಯೂಮ್’ ಎಂಬ ಸವಲತ್ತುಗಳು ಇದನ್ನೂ ದೋಷವೆಂದೇ ಬಗೆದು ಪಿಸುಮಾತನ್ನು ಎತ್ತಿ ಗುಡುಗನ್ನು ಅದುಮುತ್ತವೆ. ಪಕ್ಕದ ಮನೆಯ ಮಗು ಮಲಗಿರುವ ರಾತ್ರಿ ಸಿನಿಮಾಕ್ಕೆ ಅವು ಇರಲಿ. ಖ್ಯಾಲ್ ಹಾಕುವ ಮೊದಲು ಎರಡನ್ನೂ ಆಫ್ ಮಾಡಿ, ವಾಲ್ಯೂಮನ್ನು ತಾರ ಷಡ್ಜಕ್ಕೆ ಹೊಂದಿಸಿ, ಮಂದ್ರಕ್ಕೆ ಕಿವಿಯನ್ನೇ ಮುಂದೆ ಚಾಚಿ.