ಹಕ್ಕಿಯ ಚಿತ್ರದಲ್ಲಿ ಭಾವದ ಔಚಿತ್ಯ

ಛಾಯಾಚಿತ್ರವು ಕೇವಲ ಯಂತ್ರದ ಕೃತಿ, ಅದರಲ್ಲಿ ರಸವನ್ನು ಅರಸುವುದು ವ್ಯರ್ಥ ಎಂಬ ವಾದ ಈಗ ಹಿಂದೆ ಬಿದ್ದಿದೆ. ಮುಲುಂಡ, ಬೊರಿವಲಿಗಳ ಬಾಲ್ಕನಿಯ ಕುಂಡಗಳಿಗೆ ಬರುವ ಸೂರಕ್ಕಿಯನ್ನೂ ಪಿಕಳಾರವನ್ನೂ ಸೆರೆಹಿಡಿಯುವವರು ಆಮೇಲೆ ಗಣಕದ ಮುಂದೆ ಕುಳಿತು ಬಣ್ಣವನ್ನು ತಗ್ಗಿಸುತ್ತಾರೆ, ಹಿನ್ನೆಲೆಯನ್ನು ಕರಗಿಸುತ್ತಾರೆ, ಮಧ್ಯಾಹ್ನದ ಬಿಸಿಲಿಗೆ ಸಂಜೆಯ ಹೊನ್ನನ್ನು ಬಳಿಯುತ್ತಾರೆ. ಹೀಗೆ ಮೂಡಿಬರುವ ಭಾವ ಹಕ್ಕಿಯದೊ, ನೋಟದ್ದೊ, ನೋಡಿದವನದೊ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ತಿದ್ದುವುದೇ ಅಪರಾಧವೆನ್ನುವುದು ಸಲ್ಲದು. ಯುದ್ಧಕಾಲದಲ್ಲಿ ಮುಂಬಯಿಗೆ ಬಂದು ಸಲೀಂ ಅಲಿಯವರ ಸಂಗಡಿಗರಾದ ಲೋಕ್ ವಾನ್ ಥೋ 1957ರಲ್ಲಿ 'ಎ ಕಂಪನಿ ಆಫ್ ಬರ್ಡ್ಸ್' ಎಂಬ ಗ್ರಂಥವನ್ನು ಹೊರತಂದರು. ಆ ಕಾಲದ ಕತ್ತಲೆಕೋಣೆಯಲ್ಲಿಯೂ ಅಚ್ಚಿನ ಒಂದು ಭಾಗಕ್ಕೆ ಬೆಳಕನ್ನು ತಡೆದು, ಇನ್ನೊಂದಕ್ಕೆ ಹೆಚ್ಚು ಹೊತ್ತು ಬಿಡುವ ಪದ್ಧತಿಯಿತ್ತು. 1940ರ ದಶಕದಲ್ಲಿ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದ ಎಂ. ಕೃಷ್ಣನ್ ಅವರೂ, 'ಸನ್‌ಲೈಟ್ ಅಂಡ್ ಶ್ಯಾಡೋಸ್' (1983) ಬರೆದ ಸಂಡೂರಿನ ಎಂ. ವೈ. ಘೋರ್ಪಡೆಯವರೂ ಒಲಿದದ್ದು ಕಪ್ಪುಬಿಳುಪಿಗೆ. ಬಣ್ಣವನ್ನೇ ಬಿಟ್ಟುಕೊಡುವುದಕ್ಕಿಂತ ದೊಡ್ಡ ತಿದ್ದುಪಡಿ ಯಾವುದು? (ಸ್ಟುಡಿಯೋಗಳು ಮದುವಣಗಿತ್ತಿಯ ಕೆನ್ನೆಗೆ ಕೆಂಪು ಬಳಿಯುತ್ತಿದ್ದುದನ್ನೂ ಯಾರೂ ಸುಳ್ಳೆನ್ನಲಿಲ್ಲ.)

ಭರತನು ನಾಟ್ಯಶಾಸ್ತ್ರದಲ್ಲಿ ರಸಗಳಿಗೆ ಬಣ್ಣಗಳನ್ನು ವಿಧಿಸುವಾಗ ಶೃಂಗಾರಕ್ಕೆ ಶ್ಯಾಮವನ್ನೂ ಕರುಣಕ್ಕೆ ಕಪೋತವರ್ಣವನ್ನೂ ಹೇಳಿದ್ದಾನೆ. ಕಪೋತವೆಂದರೆ ಪಾರಿವಾಳ, ಮುಂಬಯಿಯ ಪ್ರತಿಯೊಂದು ಸಜ್ಜದ ಮೇಲೂ ಕುಳಿತಿರುವ ಹಕ್ಕಿ. ವಿಷಾದವನ್ನು ಬಯಸಿ ಚಿತ್ರವನ್ನೆಲ್ಲ ಬೂದಿಯಾಗಿಸುವ ಇಂದಿನವನು ಅರಿಯದೆಯೇ ಭರತನ ದಾರಿ ಹಿಡಿದಿದ್ದಾನೆ. ಆದರೆ ನಟನು ಬಣ್ಣ ಹಚ್ಚಿಕೊಳ್ಳುವುದು ಬೇರೊಬ್ಬನಾಗುವುದಕ್ಕೆ. ಹಕ್ಕಿಗೆ ಪಾತ್ರವಿಲ್ಲ, ಅದರ ಬಣ್ಣವೇ ಅದರ ವೃತ್ತಾಂತ. ನೇರಳೆ ಸೂರಕ್ಕಿಯ ಗಂಡು ಮಂದಬೆಳಕಿನಲ್ಲಿ ಬರಿಯ ಕಪ್ಪು. ಬಿಸಿಲು ತಕ್ಕ ಕೋನದಲ್ಲಿ ಬಿದ್ದಾಗ ಮಾತ್ರ ಗರಿಯ ರಚನೆಯಿಂದಲೇ ಆ ಹೊಳಪು ಅಲ್ಲಲ್ಲಿ ಹೊಮ್ಮುತ್ತದೆ. ಮೈಗೆಲ್ಲ ಒಂದೇ ಸಮನೆ ನೇರಳೆಯನ್ನು ಏರಿಸಿದರೆ ಬಿಸಿಲು ಯಾವ ಕಡೆಯದೆಂಬುದೇ ಅಳಿಸಿಹೋಗುತ್ತದೆ. ಮರಿಮಾಡುವ ಕಾಲ ಕಳೆದ ಮೇಲೆ ಆ ಗಂಡು ಹೆಣ್ಣಿನಂತೆ ಮಾಸಿ, ಗಲ್ಲದಿಂದ ಹೊಟ್ಟೆಯವರೆಗೆ ಒಂದು ಕಪ್ಪು ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮಬ್ಬಿನ ಮೋಹದಲ್ಲಿ ಆ ಪಟ್ಟಿಯನ್ನು ಕಳೆದವನು ಗಂಡನ್ನು ಹೆಣ್ಣಾಗಿಸಿದ್ದಾನೆ, ಋತುವೊಂದನ್ನು ನುಂಗಿದ್ದಾನೆ.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ಹಿನ್ನೆಲೆಯದು. ಸಲೀಂ ಅಲಿಯವರ 1941ರ 'ದ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಗ್ರಂಥದ ವರ್ಣಫಲಕಗಳು ಕುಂಚದವು. ಜಾತಿಯ ಲಕ್ಷಣಗಳನ್ನೆಲ್ಲ ಒಂದು ಮೈಮೇಲೆ ಕೂಡಿಸುವುದು ಕುಂಚಕ್ಕೆ ಸಾಧ್ಯ. ಕ್ಯಾಮರಾ ಕಾಣುವುದು ಒಂದು ಗಳಿಗೆಯ ಒಂದು ಹಕ್ಕಿಯನ್ನು, ಅದು ಕುಳಿತ ಎಡೆಯಲ್ಲಿ. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ, ಇಂಗ್ಲೆಂಡಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ, ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌.ಐ.ಎ.ಪಿ. ಈ ಮೂರೂ 2014ರಲ್ಲಿ ಒಪ್ಪಿದ ನಿಸರ್ಗಚಿತ್ರದ ನಿರೂಪಣೆ ಬೆಳಕಿನ ಹದಗಾರಿಕೆಯನ್ನೂ ಕಪ್ಪುಬಿಳುಪನ್ನೂ ಅನುಮತಿಸಿ, ದೃಶ್ಯದಲ್ಲಿದ್ದುದನ್ನು ತೆಗೆಯುವುದನ್ನು ನಿಷೇಧಿಸುತ್ತದೆ. ಮನುಷ್ಯನ ಕುರುಹು ಕೂಡದೆಂದರೂ, ಅವನ ನೆರೆಯಲ್ಲಿ ಬದುಕಲು ಕಲಿತ ಜೀವಿಗಳಿಗೆ ವಿನಾಯಿತಿಯಿದೆ. ನಗರದ ಗುಬ್ಬಚ್ಚಿಗೆ ಈ ವಿನಾಯಿತಿಯೇ ಜೀವ. ಆದರೂ ತಂತಿ, ಕಿಟಕಿಯ ಗ್ರಿಲ್ಲು, ಒಣಹಾಕಿದ ಸೀರೆಯ ಅಂಚು ಇವೇ ಮೊದಲು ಅಳಿಯುತ್ತವೆ.

ದಕ್ಷಿಣ ಕನ್ನಡದಿಂದ ಬಂದು ನೆಲಸಿದವನೊಬ್ಬನ ಚಿತ್ರದಲ್ಲಿ ಇದರ ಅರ್ಥ ತೀಕ್ಷ್ಣವಾಗುತ್ತದೆ. ಊರಿನ ಅಂಗಳದಲ್ಲಿದ್ದ ಪಿಕಳಾರವೇ ಇಲ್ಲಿಯ ಗ್ರಿಲ್ಲಿನ ಮೇಲೆಯೂ ಕುಳಿತಿದೆ. ಗ್ರಿಲ್ಲನ್ನು ಅಳಿಸಿ ಅಡಕೆತೋಟದ ಹಸುರುಹೊನ್ನನ್ನು ಹಿಂದೆ ಹರಡಿದರೆ ಚಿತ್ರ ಚೆಲುವಾಗುತ್ತದೆ, ನೋಡಿದವರ ಗಂಟಲೂ ಕಟ್ಟುತ್ತದೆ. ಆದರೆ ಆ ಹಂಬಲ ಹಕ್ಕಿಯದಲ್ಲ. ಅದು ಎಲ್ಲಿಂದಲೂ ವಲಸೆ ಬಂದುದಲ್ಲ, ಇಲ್ಲಿಯೇ ಗೂಡು ಕಟ್ಟಿ ಇಲ್ಲಿಯೇ ಮರಿಮಾಡಿದೆ. ಹಿಂದಣ ಗೋಡೆಯನ್ನು ಒಂದಿಷ್ಟು ಕಪ್ಪಾಗಿಸಿ, ಗ್ರಿಲ್ಲಿನ ತುಕ್ಕನ್ನು ಇದ್ದಂತೆ ಬಿಟ್ಟ ಚಿತ್ರದಲ್ಲಿಯೂ ಆ ಹಂಬಲಕ್ಕೆ ಎಡೆಯುಂಟು. ಅಲ್ಲಿ ಅದು ಬಣ್ಣದಿಂದ ವಾಚ್ಯವಾಗದೆ, ತುಕ್ಕಿಗೂ ಪಿಕಳಾರದ ಬಾಲದಡಿಯ ಕೆಂಪಿಗೂ ನಡುವಿನ ಅಂತರದಲ್ಲಿ ಧ್ವನಿತವಾಗುತ್ತದೆ.