ಅಂಜದೀವದ ದುಭಾಷಿ

ಹಳೆಯ ಪ್ರವಾಸಕಥನಗಳ ವ್ಯಾಸಂಗದಲ್ಲಿ ಬಹುಕಾಲ ತೊಡಗಿದವರ ಅಭಿರುಚಿಯು ಕ್ರಮೇಣ ಕಪ್ತಾನರ ಶೌರ್ಯವರ್ಣನೆಗಳಿಂದ ವಿಮುಖವಾಗಿ, ಎರಡು ಪಕ್ಷಗಳ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದ ದುಭಾಷಿಯ ಕಡೆಗೆ ತಿರುಗುವುದುಂಟು. ‘ಅರಸನು ಇಂತೆಂದನು’ ಎಂದು ಪರದೇಶದ ಲೇಖಕನು ಬರೆದಿಟ್ಟೆಡೆಯಲ್ಲೆಲ್ಲ ಅವನ ಕಿವಿಗೆ ಬಿದ್ದುದು ದುಭಾಷಿಯ ವಾಕ್ಯವೇ ಸರಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದು ನಮ್ಮ ಸೀಮೆಯ ಹಿರಿಯರು ಹೇಳುವರಷ್ಟೆ. ಈ ಗ್ರಂಥಗಳನ್ನಾದರೋ ಕಿವಿಯಿದ್ದವರು ಓದತಕ್ಕದ್ದು.

ಇಂತಹ ದುಭಾಷಿಗಳ ಪೈಕಿ ನನ್ನ ಮನಸ್ಸನ್ನು ಬಲವಾಗಿ ಸೆಳೆದವನು ಗಾಸ್ಪರ್ ಡ ಗಾಮನೆಂಬ ಯಹೂದ್ಯನು. 1498ರಲ್ಲಿ ಕಲ್ಲಿಕೋಟೆಯಿಂದ ಸ್ವದೇಶಕ್ಕೆ ಮರಳುತ್ತಿದ್ದ ವಾಸ್ಕೋ ಡ ಗಾಮನು ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ ಹಡಗುಗಳ ದುರಸ್ತಿ ಮಾಡಿಸುತ್ತಿದ್ದಾಗ, ಗೋವೆಯ ಒಡೆಯನ ಸೇವಕನಾಗಿ ಈತನು ಅಲ್ಲಿಗೆ ಬಂದನು. ಆ ಒಡೆಯನು ಬಿಜಾಪುರದ ಆದಿಲಶಾಹಿ ವಂಶದ ಮೂಲಪುರುಷನಾದ ಯೂಸುಫ್ ಆದಿಲ್ ಖಾನನೆಂದು ವಿದ್ವಾಂಸರು ಗುರುತಿಸಿರುವರು. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ನೆಲಕ್ಕಾಗಿ, ಮುದುಗಲ್ಲು ರಾಯಚೂರುಗಳ ಕೋಟೆಗಳಿಗಾಗಿ ವಿಜಯನಗರದೊಡನೆ ತಲೆಮಾರುಗಳ ಕಾಲ ಸೆಣಸಿದ್ದು ಇದೇ ವಂಶವಾದುದರಿಂದ, ಕನಕಗಿರಿಯಲ್ಲಿ ಕುಳಿತು ಓದುವವನಿಗೆ ಈತನ ಕಥೆಯು ದೂರದ್ದೆನಿಸದು.

ಆ ಯಾನದಲ್ಲಿ ಪಾಲ್ಗೊಂಡಿದ್ದವನೊಬ್ಬನು ಬರೆದ ದಿನಚರಿಯು 1838ರಲ್ಲಿ ಮುದ್ರಣಗೊಂಡಿತು; 1898ರಲ್ಲಿ ರೇವನ್‌ಸ್ಟೈನನು ಅದನ್ನು ಇಂಗ್ಲಿಷಿಗೆ ತಂದನು. ಅದರಲ್ಲಿ ಕಾಣಿಸಿಕೊಳ್ಳುವ ಆಗಂತುಕನು ಸುಮಾರು ನಲವತ್ತರ ಪ್ರಾಯದವನು. ಅಗಸೆನಾರಿನ ಬಟ್ಟೆಯನ್ನುಟ್ಟು, ತಲೆಗೆ ನವುರಾದ ವಸ್ತ್ರವನ್ನು ಸುತ್ತಿ, ನಡುವಿನಲ್ಲಿ ಕತ್ತಿಯನ್ನು ಧರಿಸಿದವನು. ವೆನಿಸ್ ನಗರದ ಭಾಷೆಯನ್ನು ನಿರರ್ಗಳವಾಗಿ ನುಡಿಯುತ್ತ ಕಪ್ತಾನರನ್ನು ಆಲಿಂಗಿಸಿಕೊಂಡನು. ತನ್ನ ಒಡೆಯನಿಗೆ ನಲವತ್ತು ಸಾವಿರ ಕುದುರೆಸವಾರರಿರುವರೆಂದನು. ದಡದಲ್ಲಿದ್ದ ತನ್ನ ಸಂಗಾತಿಗೆ ಎಲ್ಲವೂ ಕ್ಷೇಮವೆಂಬುದರ ಗುರುತಾಗಿ ಕಳುಹಿಸಲು ಒಂದು ಗಿಣ್ಣನ್ನು ಬೇಡಿ ಪಡೆದನು. ಗಿಣ್ಣಿನ ಜೊತೆಗೆ ಎರಡು ಮೃದುವಾದ ರೊಟ್ಟಿಗಳೂ ಹೋದವೆಂದು ದಿನಚರಿಕಾರನು ಬರೆಯುತ್ತಾನೆ. ಯಾರ ಕೀರ್ತಿಗೂ ಅಪಕೀರ್ತಿಗೂ ಸಲ್ಲದ ಇಂತಹ ವಿವರವನ್ನು ಕಲ್ಪಿಸಿ ಬರೆಯುವವರು ವಿರಳ; ಆದಕಾರಣ ಗಾಸ್ಪಾರ್ ಕೊರೆಯನಂತಹ ಚರಿತ್ರಕಾರರ ವರ್ಣರಂಜಿತ ಪುಟಗಳಿಗಿಂತ ಈ ಒಂದು ಪಂಕ್ತಿಯನ್ನು ನಾನು ಹೆಚ್ಚು ನಂಬುತ್ತೇನೆ.

ಬಂದವನ ಮಾತು ಅತಿಯಾಯಿತು, ಪರಸ್ಪರ ವಿರುದ್ಧವೂ ಆಯಿತು. ವಾಸ್ಕೋನ ಸೋದರ ಪಾವ್ಲೊನು ವಿಚಾರಿಸಲಾಗಿ, ಈತನು ಹಡಗುಗಳನ್ನು ಹಿಡಿಯಲು ಬಂದ ಕಡಲುಗಳ್ಳನೆಂಬ ಉತ್ತರ ಬಂದಿತು. ಕಟ್ಟಿಹಾಕಿ ಚಾವಟಿಯಿಂದ ಹೊಡೆಸಿದರು. ಆದರೂ ಹಡಗುಗಳು ಇನ್ನೂರು ಹರದಾರಿಯಷ್ಟು ದೂರ ಸಾಗಿ, ಹಿಂದಿರುಗುವ ಆಸೆ ಪೂರ್ಣವಾಗಿ ಕಳಚಿದ ಮೇಲಷ್ಟೇ ಆತನು ಸತ್ಯವನ್ನು ಹೇಳಿದನು. ಪೆಟ್ಟಿಗೆ ಬಗ್ಗದೆ, ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ತಿಳಿದ ಕ್ಷಣದಲ್ಲಿ ಬಾಯಿಬಿಟ್ಟ ಈ ವಿವೇಕವೇ ರಾಯಭಾರಿಯ ಲಕ್ಷಣವೆಂದು ನನ್ನ ಎಣಿಕೆ. ಮೂರು ತಿಂಗಳ ಆ ಕಡಲ ದಾರಿಯಲ್ಲಿ ಮೂವತ್ತು ಮಂದಿ ನಾವಿಕರು ರೋಗದಿಂದ ಸತ್ತರು, ಸೆರೆಯಾಳು ಬದುಕಿದನು. ದಿನಚರಿಯ ಕಡೆಯಲ್ಲಿ ಕಾಣುವ ಪೂರ್ವದೇಶಗಳ ರಾಜ್ಯಗಳು, ಸರಕುಗಳು, ಬೆಲೆಗಳು ಇವುಗಳ ಪಟ್ಟಿಗೆ ಈತನೇ ಆಧಾರನೆಂದು ವಿದ್ವಾಂಸರು ಊಹಿಸುತ್ತಾರೆ.

ಪೋರ್ಚುಗಲ್ಲಿನಲ್ಲಿ ಆತನಿಗೆ ದೀಕ್ಷಾಸ್ನಾನವಾಯಿತು. ಕಪ್ತಾನನ ಮನೆತನದ ಹೆಸರೇ ಆತನ ಹೆಸರಾಯಿತು. ಅಲ್ಲಿನ ದೊರೆ ಮನುಯೆಲ್ 1496ರ ಡಿಸೆಂಬರಿನಲ್ಲಿ ಯಹೂದ್ಯರು ದೇಶ ಬಿಟ್ಟು ತೊಲಗಬೇಕೆಂದು ಆಜ್ಞೆ ಹೊರಡಿಸಿ, ಮರುವರ್ಷ ಅವರಲ್ಲಿ ಅಸಂಖ್ಯಾತರನ್ನು ಬಲಾತ್ಕಾರದಿಂದ ಮತಾಂತರಿಸಿದ್ದವನು. ಈಗ ಈ ಯಹೂದ್ಯನ ನಾಲಗೆಯಿಲ್ಲದೆ ಅವನ ಭಾರತದ ವ್ಯವಹಾರವು ಒಂದು ಹೆಜ್ಜೆಯೂ ಮುಂದೆ ಸಾಗುವಂತಿರಲಿಲ್ಲ. ಇದನ್ನು ಓದುವಾಗ ನನಗೆ ಕ್ರೋಧವೂ ದುಃಖವೂ ಒಟ್ಟಿಗೇ ಉಂಟಾಗುತ್ತವೆ.

1500ರಲ್ಲಿ ಪೋರ್ಚುಗೀಸ್ ಕಪ್ತಾನ ಕಬ್ರಾಲನ ನೌಕಾಪಡೆಯೊಡನೆ, ಬ್ರೆಜಿಲ್ಲಿನ ತೀರವನ್ನು ಕಂಡ ಆ ಯಾನದಲ್ಲಿಯೇ, ಗಾಸ್ಪರನು ಮತ್ತೆ ಭಾರತಕ್ಕೆ ಬಂದನು. ಕಲ್ಲಿಕೋಟೆಯಲ್ಲಿ ಕಲಹವಾದ ಬಳಿಕ ಪಡೆಯು ಕೊಚ್ಚಿಗೆ ತಿರುಗಿದ್ದು ಈತನ ಸಲಹೆಯಿಂದಲೆಂದು ಹೇಳುವರು. ಹಿಂದಿರುಗುವಾಗ ಆಫ್ರಿಕದ ಪಶ್ಚಿಮ ತೀರದಲ್ಲಿ ಈತನನ್ನು ಕಂಡ ಅಮೆರಿಗೊ ವೆಸ್ಪುಚಿಯು, ಕೈರೋವಿನಿಂದ ಹೊರಟು ಪೂರ್ವದೇಶಗಳನ್ನು ಸುತ್ತಿದ ಹಲವು ಭಾಷೆಗಳನ್ನು ಬಲ್ಲವನೂ ವಿಶ್ವಾಸಾರ್ಹನೂ ಆದ ವ್ಯಕ್ತಿಯೆಂದು 1501ರ ಜೂನಿನ ಪತ್ರದಲ್ಲಿ ಪ್ರಶಂಸಿಸಿರುವನು. ಆತನ ತಂದೆತಾಯಿಗಳು ಪೋಲೆಂಡಿನ ಪೋಜ್ನಾನಿನಿಂದ ಓಡಿಬಂದವರೆಂಬ ಕಥೆಯನ್ನು ಮಾತ್ರ ನಂತರದ ಚರಿತ್ರಕಾರರ ಮಾತೆಂದು ತುಸು ದೂರವಿಟ್ಟು ಓದಬೇಕು.

1505ರ ಸೆಪ್ಟೆಂಬರಿನಲ್ಲಿ, ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೊ ಡ ಆಲ್ಮೇಡನ ದುಭಾಷಿಯಾಗಿ ಬಂದ ಗಾಸ್ಪರನು, ಹಿಂದೆ ಚಾವಟಿಯ ಪೆಟ್ಟು ತಿಂದಿದ್ದ ಅದೇ ಅಂಜದೀವದಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲಾರಂಭಿಸಿದುದನ್ನು ಕಂಡನು. ಮರುತಿಂಗಳು ಹೊನ್ನಾವರದ ಮೇಲೆ ದಾಳಿಯಾಯಿತು. ತರುವಾಯ ಕಣ್ಣೂರಿನಲ್ಲಿ ವಿಜಯನಗರದ ದೂತರು ಆಲ್ಮೇಡನನ್ನು ಸಂಧಿಸಿದರು. ವಿಜಯನಗರವನ್ನು ವರ್ಣಿಸಿದ ಪೋರ್ಚುಗೀಸರಾದ ಪಾಯೆಸ್ ನೂನಿಜ್‌ರನ್ನು ಸೆವೆಲ್ಲನ 1900ರ ಗ್ರಂಥದ ಮೂಲಕ ಅರಿತಿರುವ ನಮ್ಮ ಭಾಗದ ಓದುಗರು ಅವರಿಗಿಂತ ಮೊದಲಿನ ಈ ಭೇಟಿಯನ್ನೂ ಗಮನಿಸಬೇಕು. ಗಾಸ್ಪರನು ದೊರೆ ಮನುಯೆಲ್‌ಗೆ ಸ್ವತಃ ಬರೆದ ಪತ್ರಗಳೂ ಉಳಿದಿವೆ. ದಿನಚರಿಯಿಂದ ಆರಂಭಿಸಿದವರು ಅವುಗಳವರೆಗೂ ಹೋಗಲಿ, ಏಕೆಂದರೆ ಅಲ್ಲಿ ಆತನು ಬೇರೊಬ್ಬರ ಮಾತನ್ನು ಬಿಟ್ಟು ತನ್ನ ಮಾತನ್ನೇ ಆಡುತ್ತಾನೆ.